ಕಾಕಾ ಸಹಿ ಮಾಡಿದ ಕಾಗದ

ಪಕ್ಕದ ಖೋಲಿಯ ಕಾಕಾ ಅವರ ಬಲಗೈಯ ಎರಡು ಬೆರಳುಗಳನ್ನು ಮುರಿದಾಗ ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕಿರುಬೆರಳು, ಅದರ ಪಕ್ಕದ್ದು. ಮುರಿದವನು ಬೂಟು ಹಾಕಿದ್ದ. ಬೆರಳುಗಳ ಕೆಳಗೆ ಹೊಸ್ತಿಲಿನ ಕಲ್ಲಿತ್ತು. ಅವನು ಒಮ್ಮೆ ತುಳಿದು, ಕಾಲು ಸರಿಯಾಗಿ ಬಿದ್ದಿಲ್ಲವೆಂಬಂತೆ ಬಗ್ಗಿ ನೋಡಿ, ಇನ್ನೊಮ್ಮೆ ತುಳಿದ. ಎರಡನೆಯ ಸಲ ಸದ್ದು ಬಂತು. ನನಗೆ ಕೇಳಿಸಿತು. ಕಾಕಾ ಅವರಿಗೆ ಕೇಳಿಸಿರಲಿಕ್ಕಿಲ್ಲ. ಮೂವತ್ತು ವರ್ಷ ಗಿರಣಿಯ ಮಗ್ಗಗಳ ನಡುವೆ ನಿಂತು ಅವರ ಕಿವಿ ಹೋಗಿದ್ದವು.

ಹೊಡೆದದ್ದು ನನ್ನ ಸಾಲಕ್ಕೆ. ನನ್ನ ಮಗಳ ಆಪರೇಷನ್ನಿಗೆಂದು ತೆಗೆದ ಸಾಲ. ಅದು ಕಾಕಾ ಅವರ ತಲೆಯ ಮೇಲೆ ಹೇಗೆ ಬಂತು ಎನ್ನುವುದನ್ನು, ನಾನು ಕಂಡಷ್ಟು, ನಾನು ಮಾಡಿದಷ್ಟು ಬರೆಯುತ್ತೇನೆ.

ಆಗ ನಾನು ಮತ್ತು ಮಗಳು ಸಾಂಗ್ಲಿಯ ಹತ್ತಿರ, ಮಾಧವನಗರದ ಒಂದು ಹಳೆಯ ಚಾಳಿನಲ್ಲಿದ್ದೆವು. ಗಿರಣಿ ನಿಂತುಹೋಗಿ ಕೆಲವು ವರ್ಷಗಳಾಗಿದ್ದವು. ಚಾಳಿನ ಗಂಡಸರಲ್ಲಿ ಅರ್ಧ ಜನ ಆಟೋ ಹಿಡಿದಿದ್ದರು, ಉಳಿದವರು ಕುಪವಾಡ ಎಂಐಡಿಸಿಯ ಕಾರಖಾನೆಗಳಿಗೆ ಹೋಗುತ್ತಿದ್ದರು. ನಾನೂ ಅಲ್ಲಿಯೇ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಬೋಲ್ಟುಗಳನ್ನು ಆರಿಸಿ ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದೆ. ಕಾಕಾ ಒಂಟಿ ಮನುಷ್ಯ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಮಡೋಳಿಯ ಜೈನ ಮನೆತನದವರು. ಅಣ್ಣತಮ್ಮಂದಿರ ನಡುವೆ ಪಾಲಾದಾಗ ಅವರಿಗೆ ಬಂದದ್ದು ಹದಿನೆಂಟು ಗುಂಟೆ. ಅದನ್ನು ಬೇರೊಬ್ಬರಿಗೆ ಲಾವಣಿಗೆ, ಎಂದರೆ ಗೇಣಿಗೆ, ಕೊಟ್ಟು, ಬಂದದ್ದರ ಮೇಲೆ ಬದುಕುತ್ತಿದ್ದರು. ಆ ತುಂಡು ಹೋದರೆ ಅವರ ಒಲೆ ಆರುತ್ತದೆ ಎಂಬುದು ಚಾಳಿಗೆಲ್ಲ ಗೊತ್ತಿತ್ತು.

ಅವರೊಡನೆ ಮಾತಾಡಬೇಕಾದರೆ ಮುಖ ಎದುರಿಗಿಟ್ಟು ನಿಧಾನವಾಗಿ ಆಡಬೇಕಿತ್ತು. ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಎಡಗಿವಿಯ ಹತ್ತಿರ ಒದರಿದರೆ ಅಷ್ಟಿಷ್ಟು ಕೇಳಿಸುತ್ತಿತ್ತು. ನನ್ನ ಮಗಳ ಮಾತು ಮಾತ್ರ ಅವರಿಗೆ ಬೇಗ ತಿಳಿಯುತ್ತಿತ್ತು. ಆಗಷ್ಟೇ ಅವಳ ಮುಂದಿನ ಹಲ್ಲು ಬಿದ್ದು, ತುಟಿ ಬಹಳ ಆಡುತ್ತಿದ್ದವು.

ಗಂಡನಿಗೂ ನನಗೂ ಬಿಟ್ಟದ್ದು ಅದರ ಹಿಂದಿನ ವರ್ಷ. ನಮ್ಮ ಮಂದಿಯಲ್ಲಿ ಅದಕ್ಕೆ ಕಾಡಿಮೋಡ ಎನ್ನುತ್ತಾರೆ. ಪಂಚರ ಎದುರು ಒಂದು ಕಡ್ಡಿ ಮುರಿದು, ಸ್ಟಾಂಪ್ ಪೇಪರಿನ ಮೇಲೆ ಸೋಡಚೀಟಿ ಬರೆದರು. ಮಗಳ ಅನ್ನ, ಅರಿವೆ ತಾಯಿಯದು ಎಂದು ಬರೆದರು. ಔಷಧದ ಮಾತು ಯಾರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ.

ಮಗಳ ಅಪೆಂಡಿಕ್ಸ್ ಹೊಟ್ಟೆಯೊಳಗೆ ಒಡೆದಿತ್ತು. ಮಿರಜದಲ್ಲಿ ಆಗ ಗಾಜಿನ ಮುಖದ ಹೊಸ ದವಾಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಮೊದಲು ಸಿಕ್ಕಿದ್ದಕ್ಕೆ ಹೊತ್ತುಕೊಂಡು ಹೋದೆ. ಅವರು ಅವಳನ್ನು ಬದುಕಿಸಿದರು. ಹದಿನಾಲ್ಕನೆಯ ದಿನ, ಇನ್ನು ಮನೆಗೆ ಕರೆದೊಯ್ಯಬಹುದು ಎಂದರು. ಆದರೆ ಬಿಲ್ಲು ತುಂಬಿದ ಮೇಲೆ. ತುಂಬುವ ತನಕ ಹಾಸಿಗೆಯ ಬಾಡಿಗೆ ಓಡುತ್ತಲೇ ಇರುತ್ತದೆ ಎಂದು ಕೌಂಟರಿನ ಹುಡುಗಿ ಮೆಲ್ಲಗೆ, ತನಗೇ ನಾಚಿಕೆಯಾದಂತೆ ಹೇಳಿದಳು.

ಗಂಡನಾಗಿದ್ದವನು ಟೆಂಪೋ ನಿಲ್ಲಿಸುವ ಜಾಗಕ್ಕೆ ಮಧ್ಯಾಹ್ನ ಹೋದೆ. ನಾಲ್ಕು ಜನ ಡ್ರೈವರುಗಳು ಚಹಾ ಕುಡಿಯುತ್ತಿದ್ದರು.

"ಪೋರಿ ಸತ್ತು ಬದುಕ್ಯಾಳ," ಎಂದೆ. "ಅರ್ಧಾರೆ ಕೊಡು."

"ಕಾಗದ ಓದಿಲ್ಲೇನ ನೀ? ಕಡ್ಡಿ ಮುರದೈತಿ. ಹಡದಾಕಿ ನೀನ, ಬಿಲ್ಲನೂ ನೀನ ಹಡಿ."

ಒಬ್ಬ ನಕ್ಕ. ನಾನು ಅವನ ಅಂಗಿಯ ತೋಳು ಹಿಡಿದೆ. ಅವನು ಮೊಣಕೈ ಬೀಸಿದ. ಟೆಂಪೋದ ಕನ್ನಡಿಗೆ ನನ್ನ ಬಾಯಿ ಬಡಿದು ಕೆಳತುಟಿ ಸೀಳಿತು. ನಕ್ಕವನೇ ಎದ್ದು ಬಂದು ಚಹಾದ ಗ್ಲಾಸಿನಲ್ಲಿ ನೀರು ಕೊಟ್ಟ.

ಅದಾದ ಮೇಲೆ ಪತಸಂಸ್ಥೆ, ಸಾಲ ಕೊಡುವ ಸಹಕಾರಿ ಸಂಘ. ಆ ವರ್ಷಗಳಲ್ಲಿ ಸಾಂಗ್ಲಿಯ ಪ್ರತಿ ತಿರುವಿನಲ್ಲೂ ಒಂದೊಂದು ಪತಸಂಸ್ಥೆ ಹುಟ್ಟಿತ್ತು. ಟೀವಿಗೆ, ಮೋಟರ್ ಸೈಕಲ್ಲಿಗೆ, ಮದುವೆಗೆ, ಎಲ್ಲಕ್ಕೂ ಸಾಲ. ನನ್ನ ಹೆಸರಿಗೆ ಸಾಲ ಸಿಗುತ್ತಿತ್ತು, ಆದರೆ ಹೊಲವಿರುವ ಒಬ್ಬರು ಜಾಮೀನು ನಿಲ್ಲಬೇಕು, ಹೊಲದ ಪಹಣಿ, ಅದೇ ಸಾತಬಾರಾ ಉತಾರ, ತರಬೇಕು ಎಂದರು. ಹೊಲವಿರುವವರು ನನಗೆ ಒಬ್ಬರೇ ಗೊತ್ತಿದ್ದರು.

ಕಾಕಾ ಅವರಿಗೆ ನಾನು ಹೇಳಿದ್ದು ಇಷ್ಟು: "ಒಂದ ಸಹಿ ಬೇಕಾಗೇತ್ರಿ. ಸಾತಬಾರಾ ತಗೊಂಡ ಬರ್ರಿ."

"ವಳಕಿ ಹೇಳಾಕ ಸಾತಬಾರಾ ಯಾಕಬೇ ಯವ್ವಾ?" ನನ್ನ ಗುರುತು ಹೇಳುವ ಸಹಿ ಎಂದು ಅವರೇ ಅಂದುಕೊಂಡಿದ್ದರು.

"ಕೇಳತಾರ್ರಿ."

ಮರುದಿನ ಒಗೆದ ಟೊಪ್ಪಿಗೆ ಹಾಕಿಕೊಂಡು ಬಂದರು. ಪತಸಂಸ್ಥೆಯ ಒಳಗೆ ಫ್ಯಾನು ತಿರುಗುತ್ತಿತ್ತು. ಗುಮಾಸ್ತ ಕಾಗದದ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಕೇಳಿದ: "ಜಾಮೀನದಾರ ಕೋಣ?" ಜಾಮೀನು ನಿಲ್ಲುವವರು ಯಾರು ಎಂದು.

ಕಾಕಾ ನನ್ನ ಮುಖ ನೋಡಿದರು. ನಾನು ಅದೇ ಪದವನ್ನು ತುಟಿಯ ಮೇಲೆ ನಿಧಾನವಾಗಿ ಆಡಿ ತೋರಿಸಿದೆ. ಜಾಮೀನದಾರ. ಅವರ ಕಣ್ಣು ನನ್ನ ಸೀಳಿದ ತುಟಿಯ ಮೇಲೆ ಸ್ವಲ್ಪ ಹೊತ್ತು ನಿಂತವು. ಆಮೇಲೆ ಅವರು ಫ್ಯಾನಿನ ಸದ್ದನ್ನೂ ಮೀರಿಸಿ ನಕ್ಕರು.

"ನಾ ಜಮೀನದಾರ ಆದ್ನೇನು! ಹದಿನೆಂಟ ಗುಂಟೇದ ಜಮೀನದಾರ! ಏ ಸಾಹೇಬ್ರ, ಬರ್ಕೋರಿ, ಸಮಡೋಳಿ ಜಮೀನದಾರ ಬಂದಾರ ಅಂತ. ನಮ್ಮ ಅಣ್ಣಗೊಳಿಗೆ ಒಂದ ಪ್ರತಿ ಕಳಸ್ರಿ!"

ಗುಮಾಸ್ತ ಅರ್ಥವಾಗದಿದ್ದರೂ ನಕ್ಕ. ನನಗೆ ಅರ್ಥವಾಗಿತ್ತು. ಜಾ ಎಂದರೂ ಜ ಎಂದರೂ ತುಟಿ ಒಂದೇ ತೆರನಾಗಿ ತೆರೆಯುತ್ತದೆ. ಹೊಣೆ ಹೊರುವವನು ಎಂದು ನಾನು ಹೇಳಿದ್ದು, ಹೊಲದ ಒಡೆಯ ಎಂದು ಅವರಿಗೆ ಕಂಡಿತ್ತು. ಕೈಯಲ್ಲಿ ಸಾತಬಾರಾ ಇತ್ತಲ್ಲ, ಅವರಿಗೆ ಎಲ್ಲ ಸರಿಹೊಂದಿತು. ಅವರ ಎಡಗಿವಿ ನನ್ನಿಂದ ಒಂದು ಗೇಣು ದೂರದಲ್ಲಿತ್ತು. ಬಗ್ಗಿ ಒಂದು ಮಾತು ಹೇಳಬಹುದಿತ್ತು: ನಾ ಕೊಡದಿದ್ರ ನೀವು ಕೊಡಬೇಕಾಗತೈತ್ರಿ, ಎಂದು. ಹೇಳಿದರೆ ಅವರು ಏಳುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಹೇಳಲಿಲ್ಲ. ಅವರು ಸಹಿ ಮಾಡಿದರು, ಹೆಸರಿನ ಕೆಳಗೆ ಒಂದು ಗೆರೆಯನ್ನೂ ಎಳೆದರು. ಅಂದು ಸಂಜೆಯೇ ಮಗಳು ಮನೆಗೆ ಬಂದಳು.

ಮಳೆಗಾಲದ ತನಕ ಸಾಲದ ಹಪ್ತೆ ಸರಿಯಾಗಿ ಕಟ್ಟಿದೆ. ಆಮೇಲೆ ವರ್ಕ್‌ಶಾಪಿಗೆ ಆರ್ಡರು ಕಡಿಮೆಯಾಯಿತು. ಪುಣೆಯ ಕಂಪನಿಯವರು ಬೋಲ್ಟುಗಳನ್ನು ಬೇರೆ ಕಡೆಯಿಂದ ಅಗ್ಗಕ್ಕೆ ತರಿಸತೊಡಗಿದ್ದಾರೆ ಎಂದು ಮಾಲೀಕರು ಹೇಳಿದರು. ವಾರಕ್ಕೆ ಮೂರು ದಿನ ಕೆಲಸ. ಮೂರು ಹಪ್ತೆ ತಪ್ಪಿದವು. ವಸೂಲಿಯವರು ಬಂದರು.

ಇಬ್ಬರು. ಒಬ್ಬ ದಪ್ಪನೆಯವನು, ಮರಾಠಿಯವನು, ಹೆಚ್ಚು ಮಾತಿಲ್ಲ. ಇನ್ನೊಬ್ಬ ತೆಳ್ಳಗೆ, ಗುಟ್ಕಾ ತಿಂದು ಕೆಂಪಾದ ಹಲ್ಲು, ಬೂಟು. ಗಡಿಯ ಆಚೆಯ ಊರಿನವನಿರಬೇಕು, ನಮ್ಮದೇ ಕನ್ನಡ ಆಡುತ್ತಿದ್ದ. ಮೊದಲ ಸಲ ಬಂದಾಗ ನನ್ನ ಖೋಲಿಯ ಹೊಸ್ತಿಲಿನ ಮೇಲೆ ಕುಳಿತು, ನೀರು ಕೇಳಿ ಕುಡಿದು, ಸುತ್ತ ನೋಡಿದ.

"ವೈನಿ, ಮಂದಿ ಟೀವಿ ತಗೊಂತಾರ. ತಪ್ಪಿಸಿದ್ರ ನಾವು ಟೀವಿ ಹೊತ್ಕೊಂಡ ಹೋಗತೇವು. ನೀ ಏನ ತಗೊಂಡಿ? ಆಪರೇಷನ್. ಅದನ್ನ ಹ್ಯಾಂಗ ಹೊತ್ಕೊಂಡ ಹೋಗಬೇಕ ಹೇಳು?"

ಮಗಳು ಮೂಲೆಯಲ್ಲಿ ಕುಳಿತು ಶಾಲೆಯ ಬರಹ ಬರೆಯುತ್ತಿದ್ದಳು. ಅವನು ಮೋಟರ್ ಸೈಕಲ್ಲಿನ ಕೀಲಿಯನ್ನು ಅವಳ ಹೊಟ್ಟೆಯ ಕಡೆ ತೋರಿಸಿದ.

"ಹೊಲಿಗಿ ಬಿಚ್ಚಿಕೊಂಡ ಹೋಗೂಣೇನು?"

ನಾನು ನಡುವೆ ಬಂದೆ. ದಪ್ಪನೆಯವನು ನನ್ನ ಜಡೆಯನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು ನನ್ನ ತಲೆಯನ್ನು ಬಾಗಿಲಿನ ಚೌಕಟ್ಟಿಗೆ ಬಡಿದ. ಒಂದು, ಎರಡು. ಕೋಪದಿಂದಲ್ಲ. ಮೊಳೆ ಹೊಡೆಯುವವನ ಹಾಗೆ, ನೋಡಿ, ಅಂದಾಜು ಮಾಡಿ. ಮಗಳು ಕೂಗಲಿಲ್ಲ. ಬರೆಯುತ್ತಿದ್ದ ಪೆನ್ಸಿಲನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದಳು. ಹೋಗುವಾಗ ಸ್ಟೋವನ್ನೂ, ಮಾರಲು ಬರುವಂತೆ ಕಂಡದ್ದೆಲ್ಲವನ್ನೂ ಒಯ್ದರು. ಆಮೇಲೆ ಬೂಟಿನವನು ಕೈಯಲ್ಲಿದ್ದ ಕಾಗದ ನೋಡಿ, "ಜಾಮೀನದಾರ ಬಾಜೂಕ ಅದಾನಲ್ಲ, ಚಲೋ ಆತು," ಎಂದ.

ಕಾಕಾ ದಿನಕ್ಕೆ ಒಂದೇ ಊಟ ಮಾಡುತ್ತಿದ್ದರು, ಅದನ್ನೂ ಸೂರ್ಯ ಮುಳುಗುವ ಮೊದಲೇ ಮುಗಿಸುತ್ತಿದ್ದರು. ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ಬೂಟಿನವನಿಗೆ ಜೈನರ ಈ ನೇಮ ಗೊತ್ತಿತ್ತು. ಮರುದಿನ ಸಂಜೆ ಐದೂವರೆಗೆ, ಅವರು ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ, ಇಬ್ಬರೂ ಬಂದು ತಾಟಿನ ಆಚೆ ಈಚೆ ಕುಳಿತರು.

"ನೀ ಜಾಮೀನದಾರ ಹೌದಲ್ಲೋ ಅಜ್ಜಾ?"

ಕಾಕಾ ಅವನ ಬಾಯಿ ನೋಡಿದರು. "ಹೌದು. ಜಮೀನದಾರ ಅದೀನಿ. ಏನೀಗ?"

"ಒಪ್ಪಕೊಂತಿ?"

"ಒಪ್ಪಕೊಳ್ಳೂದೇನ ಬಂತು? ನಮ್ಮಪ್ಪ ಕೊಟ್ಟಿದ್ದು!"

ಬೂಟಿನವನು ದಪ್ಪನೆಯವನಿಗೆ ಮರಾಠಿಯಲ್ಲಿ, ಮುದುಕನಿಗೆ ಬಹಳ ಮಸ್ತಿ ಇದೆ ಎಂದ. ದಪ್ಪನೆಯವನು ಕಾಕಾ ಅವರ ಕಪಾಳಕ್ಕೆ ಹೊಡೆದ. ಟೊಪ್ಪಿಗೆ ಪಲ್ಯದಲ್ಲಿ ಬಿತ್ತು. ನಾನು ನನ್ನ ಬಾಗಿಲಲ್ಲಿ ನಿಂತಿದ್ದೆ. ಹೊಡೆದ ಕೈಗಿಂತ ಕಾಕಾ ಅವರ ಮುಖವೇ ನನಗೆ ಇಂದಿಗೂ ಕಣ್ಣ ಮುಂದಿದೆ. ಅವರಿಗೆ ಸಿಟ್ಟು ಬಂದಿರಲಿಲ್ಲ. ತಾವು ಯಾವ ಮಾತು ತಪ್ಪಾಗಿ ಹಿಡಿದೆವೆಂದು ಅವರು ಹುಡುಕುತ್ತಿದ್ದರು.

ಕಾಕಾ ಎದ್ದರೆ ಅವರಿಬ್ಬರೂ ಹಿಡಿದು ಕೂರಿಸುತ್ತಿದ್ದರು. ತಾಟಿಗೆ ಕೈ ಚಾಚಿದರೆ ಬೂಟಿನ ತುದಿಯಿಂದ ತಾಟನ್ನು ಅಷ್ಟು ದೂರ ಸರಿಸುತ್ತಿದ್ದರು. "ಉಣ್ಣೋ ಅಜ್ಜಾ, ಯಾರ ಬ್ಯಾಡ ಅಂದಾರ?" ಹೊತ್ತು ಮುಳುಗಿದ ಮೇಲೆ ಎದ್ದು ಹೋದರು. ಎರಡನೆಯ ದಿನವೂ ಹಾಗೆಯೇ. ಚಾಳಿನವರು ಬಾಗಿಲು ಹಾಕಿಕೊಂಡರು. ಎರಡು ದಿನ ಕಾಕಾ ಉಪವಾಸವಿದ್ದರು. ಎರಡನೆಯ ದಿನ ಅವರು ನನ್ನ ಬಾಗಿಲಿಗೆ ಬಂದು ಕೇಳಿದರು.

"ಹೊಲ ಇದ್ದದ್ದ ತಪ್ಪೇನಬೇ? ಇವರು ಏನ ಕೇಳಾಕ ಹತ್ಯಾರ ನನಗ?"

"ಹೋಗತಾರ್ರಿ, ತಡೀರಿ," ಎಂದೆ ನಾನು. ತುಟಿಗಳನ್ನು ಸರಿಯಾಗಿ ಆಡಿಸಿ, ಅವರಿಗೆ ತಿಳಿಯುವ ಹಾಗೆಯೇ ಎಂದೆ.

ಮೂರನೆಯ ದಿನ ಇನ್ನೊಂದು ಕಾಗದ ತಂದರು. ಸೋಮವಾರ ಸಾಂಗ್ಲಿಗೆ ಬಂದು ಹದಿನೆಂಟು ಗುಂಟೆಯನ್ನು ಸಾಲಕ್ಕೆ ಬರೆದುಕೊಡುತ್ತೇನೆ ಎಂಬ ಒಪ್ಪಿಗೆ. ಹೊಲದ ಗಟ್ ನಂಬರು, ಎಂದರೆ ಸರ್ವೆ ನಂಬರು, ಕಂಡು, ಹೊಲ ಕೇಳುತ್ತಿದ್ದಾರೆ ಎಂಬಷ್ಟು ಮಾತ್ರ ಕಾಕಾ ಅವರಿಗೆ ತಿಳಿಯಿತು. ಅವರು ಕಾಗದವನ್ನು ಹರಿದರು. ಒದ್ದಾಗ ಬಿದ್ದರು. ಏಳಲು ಬಲಗೈಯನ್ನು ಹೊಸ್ತಿಲಿಗೆ ಊರಿದರು. ಆಗಲೇ ಬೂಟು ಅವರ ಬೆರಳುಗಳ ಮೇಲೆ ಬಂತು.

ಅವರ ಬಾಯಿಂದ ಬಂದ ಕೂಗನ್ನು ಅವರು ಎಷ್ಟು ಕೇಳಿಸಿಕೊಂಡರೋ. ತಮ್ಮ ಸದ್ದು ತಮಗೇ ತಿಳಿಯದವರು ಕೂಗಿದರೆ ಅದು ನಿಲ್ಲುವುದಿಲ್ಲ. ವಸೂಲಿಯವರೇ ಹೆದರಿ ಮೋಟರ್ ಸೈಕಲ್ ಹತ್ತಿದರು. "ಸೋಮವಾರ," ಎಂದು ಬೂಟಿನವನು ನನಗೆ ಹೇಳಿ ಹೋದ.

ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. "ಬಾಗಲದಾಗ ಸಿಕ್ಕಾವ್ರಿ," ಎಂದರು ಕಾಕಾ. ಅವರು ಹೆದರಿದ್ದರು. ಡಾಕ್ಟರು ಬೆರಳುಗಳನ್ನು ತಿರುಗಿಸಿ ನೋಡಿ, ಯಾವ ಬಾಗಿಲೂ ಹೀಗೆ ಮುರಿಯುವುದಿಲ್ಲ ಎಂದು ಚೌಕಿಯ ಪೊಲೀಸನನ್ನು ಕರೆಸಿದರು. ಪಟ್ಟಿ ಕಟ್ಟಿ ಮುಗಿಯುವ ಹೊತ್ತಿಗೆ ಅವನು ಕಾಗದ, ಕಾರ್ಬನ್ ಹಿಡಿದು ಬಂದು ನಮ್ಮ ಎದುರಿನ ಬೆಂಚಿನ ಮೇಲೆ ಕುಳಿತ. ಕಾಕಾ ಬಾಗಿಲಿನ ಮಾತನ್ನೇ ಹೇಳಿದರು. ಅವನು ನನ್ನ ಕಡೆ ತಿರುಗಿದ.

ನಾನು ಹೊಡೆತದ ಮಾತು ಹೇಳಿದರೆ, ಯಾಕೆ ಹೊಡೆದರು ಎಂದು ಕೇಳುತ್ತಾನೆ. ಸಾಲಕ್ಕೆ ಎಂದರೆ, ಜಾಮೀನು ಇದ್ದಾರಲ್ಲ, ಕೊಡಬೇಕಲ್ಲ ಎನ್ನುತ್ತಾನೆ. ಸೋಮವಾರ ಹೊಲ ಹೋಗುತ್ತದೆ. ಹೋಗದಿರಬೇಕಾದರೆ ನಾನು ಇನ್ನೊಂದು ಮಾತನ್ನು ಹೇಳಬೇಕಿತ್ತು. ಹೇಳಿದೆ. ಈ ಮನುಷ್ಯನಿಗೆ ತಿಳಿಯದೆ ಸಹಿ ಆಗಿದೆ, ತಿಳಿದಿಲ್ಲವೆಂದು ನನಗೆ ತಿಳಿದಿತ್ತು, ನಾನು ಸುಮ್ಮನಿದ್ದೆ. ಮರಾಠಿಯಲ್ಲಿ, ಒಂದೊಂದೇ ಮಾತು, ಅವನ ಪೆನ್ನು ಬಂದು ಮುಟ್ಟುವ ತನಕ ಕಾದು ಹೇಳಿದೆ.

ಅವನು ಬರೆದದ್ದನ್ನು ನನ್ನ ಕಡೆ ತಿರುಗಿಸಿ ಓದಿ ಹೇಳಿದ. ಒಂದು ಕಡೆ ನಾನು ತಡೆದೆ. ಅವನೂ ಜಮೀನದಾರ ಎಂದೇ ಬರೆದಿದ್ದ.

"ಸಾಹೇಬ, ಜ ಅಲ್ಲ, ಜಾ. ಕಾನಾ ಹಚ್ಚಿ," ಎಂದೆ. ಅಕ್ಷರದ ಪಕ್ಕದ ಆ ಉದ್ದ ಗೆರೆಗೆ ಮರಾಠಿಯಲ್ಲಿ ಕಾನಾ ಎನ್ನುತ್ತಾರೆ.

"ಅಷ್ಟರಿಂದ ಏನು ಫರಕ ಬೀಳುತ್ತದೆ?"

"ಬೀಳುತ್ತದೆ."

ಅವನು ಬೇಸರದಿಂದ ಗೆರೆ ಎಳೆದ. ಕಾಕಾ ಪೆನ್ನನ್ನೇ ನೋಡುತ್ತಿದ್ದರು.

"ಏನ ಬರಸಿದಿ ಅದರಾಗ?"

ನಾನು ಅವರ ಎಡಗಿವಿಗೆ ಬಾಯಿಟ್ಟು ಹೇಳಿದೆ. ಜಾಮೀನು ಅಂದ್ರ ಹೊಲ ಅಲ್ರಿ. ನಾ ಕೊಡದಿದ್ರ ನೀವು ಕೊಡತೀರಿ ಅಂತ ಸಹಿ ಮಾಡೀರಿ. ಕೂಗಿಯೇ ಹೇಳಬೇಕಾಗಿತ್ತು. ಅಕ್ಕಪಕ್ಕದ ರೋಗಿಗಳೆಲ್ಲ ಕೇಳಿದರು.

ಅವರು ತಮ್ಮ ಪಟ್ಟಿಯನ್ನು ನೋಡಿದರು.

"ಅವತ್ತ ತಿಳದಿತ್ತೇನ ನಿನಗ?"

"ತಿಳದಿತ್ರಿ."

ಎಡಗೈಯಿಂದ ಹೊಡೆದರು. ಆ ಕೈಗೆ ರೂಢಿ ಇರಲಿಲ್ಲ. ಅರ್ಧ ಕಿವಿಗೆ, ಅರ್ಧ ಕತ್ತಿಗೆ ಬಿತ್ತು. ಇನ್ನೊಂದು ಹೊಡೆದರು. ಮೂರನೆಯದಕ್ಕೆ ಎತ್ತಿದ ಕೈಯನ್ನು ಎತ್ತಿದಂತೆಯೇ ಹಿಡಿದು ಅಳತೊಡಗಿದರು. ಪೊಲೀಸ ನಗುತ್ತ, "ಇದನ್ನೂ ಬರೆಯಲೇನು ತಾಯಿ?" ಎಂದ. ಬೇಡ ಎಂದೆ.

ಮರುದಿನ ಚೌಕಿಗೆ ಪತಸಂಸ್ಥೆಯ ಸೆಕ್ರೆಟರಿ ಬಂದರು. ಬಹಳ ಸಭ್ಯ ಮನುಷ್ಯ. ಅವರೇ ಎಲ್ಲರಿಗೂ ಚಹಾ ತರಿಸಿದರು. ಒಪ್ಪಂದವಾಯಿತು. ಕಾಕಾ ದೂರು ಕೊಡುವುದಿಲ್ಲ, ಪತಸಂಸ್ಥೆ ಅವರ ಹೆಸರನ್ನು ಕಾಗದದಿಂದ ಹೊಡೆದು ಹಾಕುತ್ತದೆ. ಹಪ್ತೆಯನ್ನು ವರ್ಕ್‌ಶಾಪಿನ ಮಾಲೀಕರೇ ನನ್ನ ಪಗಾರದಲ್ಲಿ ಮುರಿದು ಕಟ್ಟುತ್ತಾರೆ. ಪೊಲೀಸ ಬರೆದುಕೊಂಡ ನನ್ನ ಜಬಾಬಿನ ಒಂದು ಪ್ರತಿ ಸೆಕ್ರೆಟರಿಯ ಬ್ಯಾಗಿಗೆ ಹೋಯಿತು. ಇನ್ನೊಂದು ಹಪ್ತೆ ತಪ್ಪಿದರೆ ಇದನ್ನು ತೆಗೆದು ನನ್ನ ಮೇಲೆ ಮೋಸದ ಕೇಸು ಹಾಕುತ್ತೇನೆ ಎಂದು, ಚಹಾದ ಕಪ್ಪು ನನ್ನ ಕೈಗೆ ಕೊಡುತ್ತಲೇ ಹೇಳಿದರು. ಬೂಟಿನವನಿಗೆ ಏನೂ ಆಗಲಿಲ್ಲ. ಅದೇ ವಾರ ಅವನು ಒಂದು ಟೀವಿಯನ್ನು ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ನಮ್ಮ ಬೀದಿಯಲ್ಲೇ ಹೋದ.

ಹದಿನೆಂಟು ಗುಂಟೆ ಉಳಿಯಿತು. ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಕಾಕಾ ಚಾಳು ಬಿಡಲಿಲ್ಲ. ನನ್ನ ಜೊತೆ ಮಾತು ಬಿಟ್ಟರು. ಮಗಳ ಜೊತೆ ಬಿಡಲಿಲ್ಲ. ಅವಳು ಅವರ ತಾಟಿನಲ್ಲಿ ರೊಟ್ಟಿ ಮುರಿದು ಕೊಡುತ್ತಿದ್ದಳು. ಏಕೆಂದರೆ ಆ ಕೈಗೆ ಮುರಿಯಲು ಬರುತ್ತಿರಲಿಲ್ಲ.

ಒಂದು ದಿನ ಅವಳು ನನ್ನನ್ನು ಕೇಳಿದಳು. "ಆಯೀ, ನನ್ನ ಹೊಟ್ಟಿ ಸಲವಾಗಿ ಅಜ್ಜಾಗ ಹೊಡದ್ರೇನು?"

"ಅಲ್ಲ. ನಾ ಒಂದ ಮಾತ ಹೇಳಲಿಲ್ಲ, ಅದಕ್ಕ."

ಅವಳು ನಂಬಲಿಲ್ಲ. ಅದನ್ನು ನಾನು ತಡವಾಗಿ ತಿಳಿದೆ. ಆ ವರ್ಷದಿಂದ ಅವಳು ನನ್ನೆದುರು ಯಾವ ನೋವನ್ನೂ ಹೇಳಲಿಲ್ಲ. ಬಿದ್ದು ಬಂದರೆ ಗಾಯವನ್ನು ಲಂಗದಿಂದ ಮುಚ್ಚುತ್ತಿದ್ದಳು. ಹಲ್ಲು ನೋವಾದರೆ ಇನ್ನೊಂದು ಕಡೆಯಿಂದ ಅಗಿಯುತ್ತಿದ್ದಳು. ಶಾಲೆಯಿಂದ ಬಂದು ಮಲಗಿದರೆ ಅಭ್ಯಾಸ ಬಹಳವಾಯಿತು ಎನ್ನುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನು ನಳದ ಹತ್ತಿರ ಅರಿವೆ ಒಗೆಯುತ್ತಿದ್ದೆ. ಕಾಕಾ ಬಂದು ಎದುರಿಗೆ ನಿಂತರು. ಒಂದೂವರೆ ವರ್ಷದ ನಂತರ ನನ್ನ ಮುಖ ನೋಡಿ ಮಾತಾಡಿದರು. ಕಿವುಡರ ಎತ್ತರದ ದನಿ, ನಳದ ಸರದಿಯಲ್ಲಿದ್ದವರೆಲ್ಲ ತಿರುಗಿದರು.

"ಪೋರಿ ಮೈ ಕೆಂಡ ಆಗೇತಿ. ಎರಡ ದಿನ ಆತು. ನಿನ್ನ ಮುಂದ ಹೇಳಬ್ಯಾಡ ಅಂತ ನನಗ ಆಣಿ ಹಾಕ್ಯಾಳ. ದವಾಖಾನಿಗಿ ಕರಕೊಂಡ ಹೋಗು."

ಕೈಯ ಸಾಬೂನು ತೊಳೆದುಕೊಳ್ಳದೆಯೇ ಎದ್ದೆ. ಅವರಿಗೆ ಏನೋ ಹೇಳಲು ಹೋದೆ. ಅವರು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದರು. ಒಳಗೆ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಣೆ ಮುಟ್ಟಿದಾಗ, "ಏನೂ ಆಗಿಲ್ಲ ಆಯೀ," ಎಂದಳು. ಅವಳನ್ನು ಎತ್ತಿಕೊಂಡೆ. ಎಷ್ಟು ಭಾರವಾಗಿದ್ದಾಳೆಂದು ಆಗ ಗೊತ್ತಾಯಿತು. ಮಿರಜಕ್ಕೆ ಹೋಗುವ ಆಟೋ ನಿಲ್ಲುವ ಕಡೆಗೆ ನಡೆದೆ.